ಯುದ್ಧ ಬಿಟ್ಟುಹೋದ ಮದ್ದು: ಅಗ್ಗದ ತೋಟೆಯ ಕಥೆ

ಇವತ್ತಿನ ಕಂತು ಅಮೆರಿಕದ ಒಂದು ದುಬಾರಿ ಹವ್ಯಾಸದ ಬಗ್ಗೆ. ಅರ್ಧ ಅಂಗುಲ ದಪ್ಪದ ಗುಂಡು ಹಾರಿಸೋ ದೊಡ್ಡ ರೈಫಲ್ ಹಿಡಿದು, ಸಾವಿರ ಗಜ ದೂರದ ಗುರಿಗೆ ಹೊಡೆಯೋ ಸ್ಪರ್ಧೆಗಳು ಅಲ್ಲಿ ನಡೀತವೆ. ಅಂಗಡಿಯಲ್ಲಿ ಅದರ ಒಂದೊಂದು ತೋಟೆಗೂ ಹಲವು ಡಾಲರ್. ಒಂದು ಬೆಳಗ್ಗೆ ನೂರು ಈಡು ಹೊಡೆದರೆ ಜೇಬು ಖಾಲಿ. ಹಾಗಾಗಿ ಅವರಲ್ಲಿ ಬಹಳಷ್ಟು ಜನ ತೋಟೆಗಳನ್ನ ತಾವೇ ಮತ್ತೆ ತುಂಬಿಕೊಳ್ತಾರೆ. ಇದಕ್ಕೆ ರೀಲೋಡಿಂಗ್ ಅಂತಾರೆ.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸೋದು ಅಪರಾಧ. ನಾನು ಹೇಳ್ತಿರೋದು ಇತಿಹಾಸ ಮಾತ್ರ.

ತೋಟೆಯಲ್ಲಿ ಇರೋದು ನಾಲ್ಕೇ ವಸ್ತು: ಹಿತ್ತಾಳೆಯ ಕೊಳವೆ, ಅದರ ಬುಡದಲ್ಲಿ ಕಿಡಿ ಹೊತ್ತಿಸೋ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಈಡು ಹೊಡೆದ ಮೇಲೆ ಕೈಗೆ ವಾಪಸ್ ಸಿಗೋದು ಹಿತ್ತಾಳೆ ಒಂದೇ. ಅದೃಷ್ಟಕ್ಕೆ, ನಾಲ್ಕರಲ್ಲಿ ಜಾಸ್ತಿ ಬೆಲೆ ಬಾಳೋದೂ ಅದೇ. ಅದನ್ನ ಮತ್ತೆ ಬಳಸಬಹುದು ಅನ್ನೋದರ ಹಿಂದೆ ಒಂದು ತಮಾಷೆ ಇದೆ. 1866ರ ಹೊತ್ತಿಗೆ ಕೇಪಿನ ಎರಡು ವಿನ್ಯಾಸಗಳು ಬಂದವು. ಒಂದು ಅಮೆರಿಕದ ಹೈರಮ್ ಬರ್ಡನ್‌ದು, ಇನ್ನೊಂದು ಬ್ರಿಟನ್ನಿನ ಎಡ್ವರ್ಡ್ ಬಾಕ್ಸರ್‌ದು. ಬಾಕ್ಸರ್ ವಿನ್ಯಾಸದಲ್ಲಿ ಬುಡದ ಮಧ್ಯೆ ಒಂದೇ ತೂತು. ಒಳಗಿಂದ ಕಡ್ಡಿ ತೂರಿಸಿ ತಳ್ಳಿದರೆ ಸುಟ್ಟ ಕೇಪು ಆಚೆ ಬೀಳುತ್ತೆ. ಬರ್ಡನ್‌ದರಲ್ಲಿ ಆ ಸಲೀಸು ಇಲ್ಲ. ಕೊನೆಗೆ ಬ್ರಿಟಿಷನ ಕೇಪು ಅಮೆರಿಕದಲ್ಲಿ ಬೇರು ಬಿಟ್ಟಿತು, ಅಮೆರಿಕದವನ ಕೇಪು ಯುರೋಪಿನಲ್ಲಿ ನಿಂತಿತು. ಅಮೆರಿಕದಲ್ಲಿ ಮನೆಮನೆಗೂ ಈ ಹವ್ಯಾಸ ಹಬ್ಬಿದ್ದಕ್ಕೆ ಆ ಒಂದು ತೂತೂ ಕಾರಣ ಅಂದ್ರೆ ಉತ್ಪ್ರೇಕ್ಷೆ ಏನಲ್ಲ.

ಆದ್ರೆ ಶುರುವಾಗಿದ್ದು ಹವ್ಯಾಸವಾಗಿ ಅಲ್ಲ, ಹೊಟ್ಟೆಪಾಡಿಗೆ. 1870ರ ದಶಕದಲ್ಲಿ ಕಾಡೆಮ್ಮೆ, ಅಂದ್ರೆ ಬೈಸನ್ ಚರ್ಮಕ್ಕೆ ಏಕಾಏಕಿ ಬೇಡಿಕೆ ಬಂತು. ಕಾರ್ಖಾನೆಗಳ ಯಂತ್ರದ ಬೆಲ್ಟಿಗೆ ಆ ಚರ್ಮ ಆಗುತ್ತೆ ಅಂತ ಗೊತ್ತಾಗಿತ್ತು. 1872ರಲ್ಲಿ ಡಾಡ್ಜ್ ಸಿಟಿಗೆ ರೈಲೂ ಬಂತು. ಬೇಟೆಗಾರರು ಶಾರ್ಪ್ಸ್ ಅನ್ನೋ ದೊಡ್ಡ ನಳಿಗೆಯ ರೈಫಲ್ ಹಿಡಿದು ಬಯಲಿಗೆ ಇಳಿದರು. ಗಾಡಿಯಲ್ಲಿ ಸೀಸದ ಗಟ್ಟಿ, ಪೀಪಾಯಿಗಟ್ಟಲೆ ಕರಿಮದ್ದು, ಕೇಪಿನ ಡಬ್ಬಿ. ಹಗಲು ಹೊಡೆಯೋದು, ರಾತ್ರಿ ಬೆಂಕಿ ಪಕ್ಕ ಕೂತು ಸೀಸ ಕರಗಿಸಿ ಗುಂಡು ಎರಕ ಹೊಯ್ಯೋದು, ಅದೇ ಹಿತ್ತಾಳೆಯನ್ನ ಮತ್ತೆ ತುಂಬೋದು. ಚರ್ಮ ಒಂದಕ್ಕೆ ಸಿಗೋದು ಕೆಲವೇ ಡಾಲರ್. ಪ್ರತಿ ಈಡಿಗೂ ಕಾರ್ಖಾನೆಯ ತೋಟೆ ಖರ್ಚು ಮಾಡಿದರೆ ಆ ದಂಧೆಯ ಲಾಭದಲ್ಲಿ ಎಷ್ಟು ಕರಗ್ತಿತ್ತು, ನೀವೇ ಊಹಿಸಿ. 1889ರ ಆರಂಭದಲ್ಲಿ ವಿಲಿಯಂ ಹಾರ್ನಡೇ ಲೆಕ್ಕ ಹಾಕಿದಾಗ, ಒಂದು ಕಾಲದಲ್ಲಿ ಕೋಟಿಗಟ್ಟಲೆ ಇದ್ದ ಆ ಪ್ರಾಣಿ, ಸಾಕಿದವೂ ಸೇರಿ ಉಳಿದದ್ದು 1,091. ಅಗ್ಗದ ತೋಟೆಯ ಮೊದಲ ಬಿಲ್ ಕಟ್ಟಿದ್ದು ಆ ಮೂಕಪ್ರಾಣಿ.

ಈಗ ಎರಡನೇ ಮಹಾಯುದ್ಧದ ನಂತರಕ್ಕೆ ಬರೋಣ. ನನಗೆ ಈ ಕಥೆಯಲ್ಲಿ ಅತಿ ಇಷ್ಟದ ಮನುಷ್ಯ ಬ್ರೂಸ್ ಹಾಜ್ಡನ್. ಕ್ಯಾನ್ಸಸ್ ಕಡೆಯವನು, ಗ್ಯಾಸ್ ಕಂಪನಿಯಲ್ಲಿ ಕೆಲಸ. ಮೊದಲ ಮಹಾಯುದ್ಧ ಮುಗಿದಾಗ ಕೊಳ್ಳೋರಿಲ್ಲ ಅಂತ ಸರ್ಕಾರ ಮಿಕ್ಕ ಮದ್ದನ್ನ ಸುಟ್ಟುಹಾಕಿತ್ತು ಅಂತ ಅವನು ಕೇಳಿದ್ದ. ಈ ಸಲವೂ ಹಾಗೇ ಆಗುತ್ತೆ ಅನ್ನಿಸಿತು. ಜೀವವಿಮೆಯ ಮೇಲೆ ಸಾಲ ತೆಗೆದ. 4895 ಅನ್ನೋ ಸೇನೆಯ ಮದ್ದನ್ನ 50,000 ಪೌಂಡ್ ಕೊಂಡ. ಅಂದ್ರೆ 22 ಟನ್ನಿಗೂ ಹೆಚ್ಚು! ಇಡೋಕೆ ಜಾಗ ಇಲ್ಲ, ಗಿರಾಕಿ ಇದ್ದಾರಾ ಅಂತಲೂ ಗೊತ್ತಿಲ್ಲ. ಬಾಡಿಗೆಗೆ ಹಿಡಿದ ಹುಲ್ಲುಗಾವಲಿಗೆ ಹಳೇ ರೈಲು ಡಬ್ಬಿ ತಂದು ನಿಲ್ಲಿಸಿದ, ಅದೇ ಗೋದಾಮು. 'ಅಮೆರಿಕನ್ ರೈಫಲ್‌ಮನ್' ಪತ್ರಿಕೆಯಲ್ಲಿ ಒಂದು ಅಂಗುಲದ ಜಾಹೀರಾತು: ಪೌಂಡಿಗೆ 75 ಸೆಂಟ್. ಹೆಂಡತಿ ಏಮಿ ಲೇಬಲ್ ಟೈಪ್ ಮಾಡೋರು, ಇಬ್ಬರು ಗಂಡು ಮಕ್ಕಳು ಸ್ಕೂಲಿಗೆ ಹೋಗೋ ದಾರಿಯಲ್ಲಿ ಮನೆಯ ಫೋರ್ಡ್ ಕಾರಿನ ಡಿಕ್ಕಿಯಲ್ಲಿ ಪಾರ್ಸಲ್ ಒಯ್ದು ರೈಲಿಗೆ ಹಾಕೋರು. (ಇವತ್ತಿನ ಸ್ಟಾರ್ಟಪ್‌ನವರು ಹೇಳೋ 'ಗ್ಯಾರೇಜ್' ಕಥೆಗಳಿಗಿಂತ ನನಗೆ ಇದೇ ಮೇಲು.) 1952ರಲ್ಲಿ ಹಾಜ್ಡನ್ ಗ್ಯಾಸ್ ಕಂಪನಿಗೆ ರಾಜೀನಾಮೆ ಕೊಟ್ಟ.

ದೊಡ್ಡ ರೈಫಲ್‌ನೋರಿಗೆ ನಿಜವಾದ ಹಬ್ಬ ಮಾಡಿಸಿದ್ದು ಅವನು ತಂದ ಇನ್ನೊಂದು ಮದ್ದು, 4831. ಯುದ್ಧದಲ್ಲಿ ವಿಮಾನ ಹೊಡೆದುರುಳಿಸೋ 20 ಮಿಲಿಮೀಟರ್ ಓರ್ಲಿಕಾನ್ ಫಿರಂಗಿಯದ್ದು ಅದು. ಫಿರಂಗಿ ಮದ್ದು ರೈಫಲ್‌ಗೆ ಯಾಕೆ? ಕೆಟ್ಟು ನಿಂತ ಬಸ್ಸಿಗೆ ಒದ್ದರೆ ಅದು ಕದಲಲ್ಲ. ನಿಧಾನಕ್ಕೆ, ಬಿಡದೆ ತಳ್ಳಬೇಕು. ಭಾರದ ಗುಂಡೂ ಹಾಗೇ. ಅದಕ್ಕೆ ನಿಧಾನಕ್ಕೆ ಉರಿಯೋ ಮದ್ದು ಬೇಕು, ಅಂಥದ್ದು ಅಂಗಡಿಗಳಲ್ಲಿ ವಿರಳ. ಯುದ್ಧದ ರಾಶಿಯಲ್ಲಿ ಮಾತ್ರ ಬೇಕಾದಷ್ಟು. ಆ ರಾಶಿ ಕರಗಿದ ಮೇಲೆ 1970ರ ದಶಕದಲ್ಲಿ ಅದನ್ನ ಹೊಸದಾಗಿ ಮಾಡಿಸಬೇಕಾಯ್ತು.

ನಾನು ಹೇಳಬೇಕು ಅಂದ್ಕೊಂಡಿದ್ದು ಇದೇ. ಈ ಹವ್ಯಾಸದ ಅಗ್ಗ ಅನ್ನೋದು ಶೂಟರ್‌ಗಳ ಜಾಣತನದಿಂದಷ್ಟೇ ಬಂದಿದ್ದಲ್ಲ. ತೆರಿಗೆದಾರ ಯುದ್ಧಕ್ಕಂತ ಆಗಲೇ ದುಡ್ಡು ಕೊಟ್ಟು ಮುಗಿಸಿದ್ದ ಮಾಲು ಅದು.

ಇನ್ನು ಕೆಲವರಿಗೆ ಸಮಸ್ಯೆ ಬೆಲೆಯಲ್ಲ, ಮಾಲೇ ಇಲ್ಲ. ತೇಜಸ್ವಿಯವರ 'ಕಾಡಿನ ಕಥೆಗಳು' ಓದಿದೋರಿಗೆ ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ಗೊತ್ತು. ಅವರ ಕೈಯಲ್ಲಿ ಇದ್ದಿದ್ದು ವಿಂಚೆಸ್ಟರ್‌ನ ಪಾಯಿಂಟ್ 405. ಆ ತೋಟೆಯನ್ನ ಕಂಪನಿ 1950ರ ದಶಕದಲ್ಲಿ ನಿಲ್ಲಿಸಿಬಿಟ್ಟಿತು. ಅಂಥ ರೈಫಲ್ ಇದ್ದ ಅಮೆರಿಕದವರಿಗೆ ಹಳೇ ಹಿತ್ತಾಳೆ ಚಿನ್ನಕ್ಕೆ ಸಮ.

ಹಿತ್ತಾಳೆ ಅಂದಾಗ 2009 ನೆನಪಾಗುತ್ತೆ. ಸೇನೆ ಹೊಡೆದು ಬಿಟ್ಟ ಖಾಲಿ ತೋಟೆಗಳು ಅಲ್ಲಿ ಹರಾಜಾಗಿ, ರೀಲೋಡಿಂಗ್ ಮಾಡೋರ ಕೈ ಸೇರ್ತಿದ್ದವು. ಆ ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆ ಒಂದು ನಿಯಮ ತಂತು: ಜಜ್ಜಿ ಗುಜರಿ ಮಾಡಿದ ಮೇಲೇ ಮಾರಬೇಕು. ಒಂದೇ ಏಟಿಗೆ ಅಗ್ಗದ ಹಿತ್ತಾಳೆಯ ಬಾಗಿಲು ಮುಚ್ಚಿತು. ಗಲಾಟೆ ಎದ್ದಿತು, ಮೊಂಟಾನಾದ ಸೆನೆಟರ್‌ಗಳಾದ ಮ್ಯಾಕ್ಸ್ ಬಾಕಸ್ ಮತ್ತು ಜಾನ್ ಟೆಸ್ಟರ್ ಪತ್ರ ಬರೆದರು, ಅದೇ ತಿಂಗಳು ಇಲಾಖೆ ನಿಯಮ ವಾಪಸ್ ತಗೊಂಡಿತು.

ಯುಕ್ರೇನ್ ಯುದ್ಧ ಮಾತ್ರ ಪತ್ರಕ್ಕೆ ಬಗ್ಗಲಿಲ್ಲ. ಇವತ್ತಿನ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಅದನ್ನ ಮಾಡೋದು ಹತ್ತಿಯಿಂದ. ರಾಯಚೂರು, ಹಾವೇರಿ ಕಡೆಯೋರಿಗೆ ಜಿನ್ನಿಂಗ್ ಮಿಲ್ ಗೊತ್ತಲ್ವಾ? ಅರಳೆ ತೆಗೆದ ಮೇಲೂ ಬೀಜಕ್ಕೆ ಅಂಟಿಕೊಂಡಿರೋ ಆ ಚಿಕ್ಕ ನೂಲು ಇದೆಯಲ್ಲ, ಅದು. ಯುರೋಪಿಗೆ ಅದು ಬಹುಪಾಲು ಚೀನಾದಿಂದ ಬರ್ತಿತ್ತು. 2024ರಲ್ಲಿ ಆ ಪೂರೈಕೆ ನಿಂತಿದೆ ಅಂತ ಯುರೋಪಿಯನ್ ಒಕ್ಕೂಟದ ಅಧಿಕಾರಸ್ಥರೇ ಹೇಳಿದರು. ಅದೇ ವರ್ಷದ ಆರಂಭದಲ್ಲಿ ಅಮೆರಿಕದ ವಿಸ್ಟಾ ಔಟ್‌ಡೋರ್ ಕಂಪನಿ ಜಗತ್ತಿನಾದ್ಯಂತ ಮದ್ದಿನ ಕೊರತೆ ಅಂತ ಗಿರಾಕಿಗಳಿಗೆ ತಿಳಿಸಿ ಬೆಲೆ ಏರಿಸಿತ್ತು. ಫಿರಂಗಿ ಶೆಲ್‌ಗೂ ದೊಡ್ಡ ರೈಫಲ್‌ಗೂ ಬೇಕಾಗಿದ್ದು ಒಂದೇ ಹತ್ತಿ. ಸರದಿಯಲ್ಲಿ ಶೆಲ್ ಮುಂದೆ ನಿಂತಿತ್ತು.

ಹತ್ತಿಗಿಂತ ಮುಂಚೆ ಕೋವಿಮದ್ದಿಗೆ ಬೇಕಾಗಿದ್ದು ಪೆಟ್ಲುಪ್ಪು. ಅದು ಬಿಹಾರದಿಂದ ಹಡಗು ಹತ್ತಿ ಯುರೋಪಿಗೆ ಹೋಗ್ತಿತ್ತು. ಮುಂದಿನ ಕಂತಿನಲ್ಲಿ ಅದನ್ನ ಮಾತಾಡೋಣ.