ಬೈರೂತ್: ನಗರ ಮರಳಿತು, ನಗರದವರು?

ಯುದ್ಧ ಮುಗಿದ ಮೇಲೆ ನಗರವನ್ನು ಮತ್ತೆ ಕಟ್ಟುವುದು ಯಾರಿಗಾಗಿ? ಲೆಬನಾನಿನ ರಾಜಧಾನಿ ಬೈರೂತಿನ ಚರಿತ್ರೆಯಲ್ಲಿ ನಾವು ಇದಕ್ಕೆ ಉತ್ತರ ಹುಡುಕಬಹುದು.

1975ರಿಂದ 1990ರವರೆಗಿನ ಅಂತರ್ಯುದ್ಧ ನಗರದ ನಡುಭಾಗವನ್ನು ಹಾಳುಗೆಡವಿತು. ಮುಸ್ಲಿಮರೂ ಕ್ರೈಸ್ತರೂ ಒಟ್ಟಿಗೆ ವ್ಯಾಪಾರ ಮಾಡುತ್ತಿದ್ದ ಸೂಕ್‌ಗಳು, ಅಂದರೆ ಹಳೆಯ ಪೇಟೆಗಳು, ಇದ್ದುದು ಅಲ್ಲೇ. 1991ರಲ್ಲಿ ದಾರ್ ಅಲ್ ಹಂದಸಾ ಎಂಬ ಸಲಹಾ ಸಂಸ್ಥೆ ಪುನರ್ನಿರ್ಮಾಣದ ನಕ್ಷೆ ಸಿದ್ಧಪಡಿಸಿತು. ಇಡೀ ಪ್ರದೇಶವನ್ನು ಖಾಸಗಿ ಕಂಪೆನಿಗೆ ಒಪ್ಪಿಸಲು ಅದೇ ವರ್ಷದ ಕಾನೂನು ದಾರಿ ಮಾಡಿತು. ವಾಸ್ತುಶಿಲ್ಪಿಗಳ ಟೀಕೆಯ ಬಳಿಕ ನಕ್ಷೆ ತಿದ್ದಲ್ಪಟ್ಟಿತಾದರೂ ಒಡೆತನದ ಏರ್ಪಾಡು ಬದಲಾಗಲಿಲ್ಲ. 1994ರಲ್ಲಿ ‘ಸಾಲಿಡೇರ್’ ಕಂಪೆನಿ ಸ್ಥಾಪನೆಯಾಯಿತು. ಆಗಿನ ಪ್ರಧಾನಿ ರಫೀಕ್ ಹರೀರಿ ಅದರ ದೊಡ್ಡ ಷೇರುದಾರರಲ್ಲೊಬ್ಬರಾಗಿದ್ದರು. ಮಾಲಿಕರಿಗೂ ಬಾಡಿಗೆದಾರರಿಗೂ ಜಾಗದ ಬದಲು ಸಿಕ್ಕಿದ್ದು ಷೇರು ಪತ್ರ. ಯುದ್ಧದಲ್ಲಿ ಉಳಿದಿದ್ದ ಎಷ್ಟೋ ಕಟ್ಟಡಗಳು ಬುಲ್ಡೋಜರಿಗೆ ಉರುಳಿದವು. ಮಸೀದಿ, ಚರ್ಚುಗಳನ್ನು ಉಳಿಸಲಾಯಿತು. ಸುತ್ತಲಿನ ಸಣ್ಣ ಅಂಗಡಿಕಾರರಲ್ಲಿ ಹೆಚ್ಚಿನವರಿಗೆ ಮರಳಲಾಗಲಿಲ್ಲ.

2009ರಲ್ಲಿ ತೆರೆದ ‘ಬೈರೂತ್ ಸೂಕ್ಸ್’ ಹೆಸರಿಗೆ ಹಳೆಯ ಪೇಟೆ, ಒಳಗೆ ದುಬಾರಿ ಮಳಿಗೆಗಳು. 2019ರಲ್ಲಿ ಸರಕಾರದ ವಿರುದ್ಧ ಬೀದಿಗಿಳಿದ ಜನರು ಸೇರಿದ್ದೂ ಇದೇ ನಡುಪೇಟೆಯ ಹುತಾತ್ಮರ ಚೌಕದಲ್ಲಿ. ಬಹಳ ಕಾಲದ ಮೇಲೆ ಅಲ್ಲಿ ಬಡವರ ತಳ್ಳುಗಾಡಿಗಳು ಕಂಡವು.

ನಮ್ಮ ಊರುಗಳ ಹಳೆಯ ಮಾರುಕಟ್ಟೆಗಳಿಗೂ ನಕ್ಷೆಗಳು ಬರುತ್ತಿವೆ. ಇಂದು ಅಲ್ಲಿ ಕೂತು ಮಾರುವವರಿಗೆ ಅದರಲ್ಲಿ ಜಾಗವೆಲ್ಲಿ ಎಂದು ನಾವು ಮೊದಲೇ ಕೇಳಬೇಕು.