ಕೂಲಿಮಠಗಳಲ್ಲಿ ಮಗ್ಗಿಯ ಪಾಠವೂ ಪರೀಕ್ಷೆಯೂ

ಕನ್ನಡನಾಡಿನ ವಿದ್ಯಾಭ್ಯಾಸದ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಅಗ್ರಹಾರ, ಬ್ರಹ್ಮಪುರಿ, ಘಟಿಕಾಸ್ಥಾನಗಳ ವಿಚಾರವನ್ನೇ ವಿಸ್ತಾರವಾಗಿ ವಿವೇಚಿಸಿರುವರು. ಅವುಗಳ ವಿಷಯದಲ್ಲಿ ಶಾಸನಗಳು ಹೇರಳವಾಗಿ ದೊರೆಯುವುದೇ ಇದಕ್ಕೆ ಕಾರಣವು. ಊರ ಜಗಲಿಯ ಮೇಲೆ ಐಗಳು ನಡೆಸುತ್ತಿದ್ದ ಕೂಲಿಮಠಕ್ಕಾದರೋ ಅಂತಹ ಆಧಾರಗಳು ವಿರಳ. ಆದರೂ ಶಾನುಭೋಗನ ಲೆಕ್ಕಕ್ಕೂ, ವರ್ತಕನ ವಹಿಗೂ, ರೈತನ ಕಂದಾಯದ ಎಣಿಕೆಗೂ ಮೂಲವಾದುದು ಆ ಮಠದಲ್ಲಿ ಕಲಿತ ಮಗ್ಗಿಯೇ. ಈ ಮಗ್ಗಿಯ ಪಾಠವು ಅರ್ಥವಿಲ್ಲದ ಗಿಳಿಪಾಠವೆಂಬ ನಿಂದೆಯು ಬಹುಕಾಲದಿಂದ ರೂಢವಾಗಿದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದು ಪರಿಶೀಲನಾರ್ಹವಾಗಿದೆ.

ಮೊದಲು ಶಾಸ್ತ್ರದ ಕಡೆ ನೋಡಬೇಕು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿನಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಪರಿಕರ್ಮಗಳು ಪ್ರತ್ಯುತ್ಪನ್ನದಿಂದ, ಎಂದರೆ ಗುಣಾಕಾರದಿಂದ, ಆರಂಭವಾಗುತ್ತವೆ. ಸಾಮಾನ್ಯವಾದ ಕೂಡುವಿಕೆ ಕಳೆಯುವಿಕೆಗಳು ಶಿಷ್ಯನಿಗೆ ಮೊದಲೇ ಬಂದಿರಬೇಕೆಂಬುದು ಆಚಾರ್ಯನ ಆಶಯವಾಗಿರಬೇಕು. ಆ ಪ್ರಕರಣದ ಕೆಲವು ಉದಾಹರಣೆಗಳಲ್ಲಿ ಒಂದು ಚಮತ್ಕಾರವುಂಟು. 142857143 ಎಂಬ ಸಂಖ್ಯೆಯನ್ನು 7ರಿಂದ ಗುಣಿಸಿದರೆ 1000000001 ಬರುತ್ತದೆ. ಎರಡು ತುದಿಗಳಲ್ಲಿ ಒಂದೊಂದು ಮಣಿಯುಳ್ಳ ಹಾರದಂತೆ ಕಾಣುವ ಇಂಥ ಲಬ್ಧಗಳನ್ನು ಆತನು ಕಂಠಾಭರಣಗಳಿಗೆ ಹೋಲಿಸಿರುವನು. ಇದನ್ನು ಬರಿಯ ವಿನೋದವೆನ್ನಲಾಗದು. ನಡುವೆ ಒಂದು ಸ್ಥಾನದಲ್ಲಿ ತಪ್ಪಿದರೂ ಹಾರವು ಕೆಡುವುದರಿಂದ, ಗುರುವಿನ ಮಾತಿಗೆ ಕಾಯದೆ ಶಿಷ್ಯನು ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವನು. ಪರೀಕ್ಷೆಯೇ ಇಲ್ಲಿ ಬೋಧೆಯೂ ಆಗಿದೆ.

1150ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ಲೀಲಾವತಿಯಲ್ಲಿ 135ನ್ನು 12ರಿಂದ ಗುಣಿಸುವ ಒಂದೇ ಲೆಕ್ಕವನ್ನು ಹಲವು ಬಗೆಯಾಗಿ ಮಾಡಿ ತೋರಿಸಿದೆ. ಹನ್ನೆರಡನ್ನು ಎಂಟು ನಾಲ್ಕೆಂದು ಒಡೆದು ಎರಡು ಲಬ್ಧಗಳನ್ನು ಕೂಡಬಹುದು. ಮೂರರಿಂದ ಗುಣಿಸಿ ಬಂದುದನ್ನು ನಾಲ್ಕರಿಂದ ಗುಣಿಸಬಹುದು. ಸ್ಥಾನಾನುಸಾರವಾಗಿ ಒಂದು, ಎರಡು ಎಂದು ವಿಭಾಗಿಸಬಹುದು. ಯಾವ ದಾರಿಯಲ್ಲಿ ಹೋದರೂ ಬರುವುದು 1620. ಮಗ್ಗಿಯನ್ನು ಮರೆತ ಬಾಲಕನಿಗೆ ಇದಕ್ಕಿಂತ ಮಿಗಿಲಾದ ಊರುಗೋಲಿಲ್ಲ. ಏಳೆಂಟು ಎಷ್ಟೆಂಬುದು ನೆನಪಿಗೆ ಬಾರದಿದ್ದರೆ, ಏಳೈದು ಮೂವತ್ತೈದಕ್ಕೆ ಏಳುಮೂರು ಇಪ್ಪತ್ತೊಂದನ್ನು ಕೂಡಿ ಐವತ್ತಾರೆಂದು ಹೇಳಬಲ್ಲನು. ಕನ್ನಡದಲ್ಲಿಯೂ ಈ ಶಾಸ್ತ್ರಕ್ಕೆ ಕೊರತೆಯಿರಲಿಲ್ಲ. ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ದೇಶಭಾಷೆಯಲ್ಲಿಯೇ ರಚಿಸಿ ಗಣಿತವನ್ನು ಕನ್ನಡಿಗರ ಬಳಿಗೆ ತಂದನು.

ಇನ್ನು ಕೂಲಿಮಠದ ಒಳಗಣ ವ್ಯವಹಾರವನ್ನು ತಿಳಿಯುವುದಕ್ಕೆ ಒಂದು ಅಮೂಲ್ಯವಾದ ಆಧಾರವಿದೆ. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ಜಿಲ್ಲೆಜಿಲ್ಲೆಗಳ ಪಾಠಶಾಲೆಗಳ ವಿವರವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ ತಿಂಗಳಿನಲ್ಲಿ ಕಳುಹಿಸಿದ ವರದಿಯೇ ಅದು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಸಂಸ್ಕೃತದವು 23 ಮಾತ್ರ. ಮಗುವಿಗೆ ಐದು ವರ್ಷವಾದಾಗ ಗಣಪತಿಯ ಪೂಜೆಯೊಡನೆ ಅಕ್ಷರಾಭ್ಯಾಸವಾಗುತ್ತಿತ್ತು. ಮೊದಲು ಮರಳಿನ ಮೇಲೆ ಬೆರಳಿನಿಂದ ಬರೆಯಬೇಕು. ಅನಂತರ ಇದ್ದಿಲು ಬಳಿದ ಹಲಗೆಯ ಮೇಲಾಗಲಿ, ಗಂಜಿ ಹಾಕಿ ಮಡಿಸಿದ ಬಟ್ಟೆಯ ಕಡತದ ಮೇಲಾಗಲಿ ಬಳಪದಿಂದ ಬರೆಯಬೇಕು. ಒದ್ದೆಯ ಬಟ್ಟೆಯಿಂದ ಒರಸಿ ಮತ್ತೆ ಬರೆಯಬಹುದಾದುದರಿಂದ ಕಾಗದದ ವೆಚ್ಚವಿರಲಿಲ್ಲ.

ಅಂಕಗಳ ಪರಿಚಯವಾದ ಮೇಲೆ ಕೂಡುವ ಕೋಷ್ಟಕ, ನೂರರವರೆಗೆ ಎಣಿಕೆ, ಹಣದ ಲೆಕ್ಕ, ಗುಣಾಕಾರ, ಅಳತೆ ತೂಕಗಳು ಕ್ರಮವಾಗಿ ಬರುತ್ತಿದ್ದುವು. ಎಲ್ಲಕ್ಕಿಂತ ಹೆಚ್ಚಿನ ಶ್ರಮವನ್ನು ಭಿನ್ನರಾಶಿಗಳಿಗಾಗಿ ವಹಿಸುತ್ತಿದ್ದರೆಂದು ಕ್ಯಾಂಬೆಲ್ ಬರೆದಿರುವನು. ಆ ಭಿನ್ನಗಳು ಹತ್ತರ ಪ್ರಮಾಣದಿಂದಲ್ಲ, ನಾಲ್ಕರ ಪ್ರಮಾಣದಿಂದ ಇಳಿಯುತ್ತಿದ್ದುವು: ಒಂದರಲ್ಲಿ ನಾಲ್ಕನೆಯ ಪಾಲು ಕಾಲು, ಕಾಲಿನಲ್ಲಿ ನಾಲ್ಕನೆಯ ಪಾಲು ವೀಸ, ವೀಸದಲ್ಲಿ ನಾಲ್ಕನೆಯ ಪಾಲು ಕಾಣಿ. ರೂಪಾಯಿಗೆ ಹದಿನಾರಾಣೆ ಅರುವತ್ತುನಾಲ್ಕು ಪೈಸೆಗಳ ಲೆಕ್ಕಕ್ಕೆ ಇವು ಸರಿಯಾಗಿ ಹೊಂದುತ್ತಿದ್ದುವು. ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ, ಒಂದೂವರೆಯ ಮಗ್ಗಿಗಳನ್ನು ಬಲ್ಲವನು ಸಂತೆಯಲ್ಲಿ ನಿಂತ ಕಾಲಿನಲ್ಲೇ ಬೆಲೆಯನ್ನು ಹೇಳುತ್ತಿದ್ದನು. ಮರಾಠಿ ಶಾಲೆಗಳ ಪಾವಕಿ, ನಿಮಕಿ, ಸವಾಯಕಿ, ದಿಡಕಿಗಳೂ ಇದೇ ಜಾತಿಯವು.

ಈ ಕೋಷ್ಟಕಗಳು ಮನಸ್ಸಿನಲ್ಲಿ ನೆಲೆಗೊಳ್ಳುವಂತೆ ಬಾಲಕರೆಲ್ಲರೂ ದಿನಕ್ಕೆರಡು ಸಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿಯೊಬ್ಬನು ಹೇಳಿಕೊಟ್ಟಂತೆ ಅಷ್ಟನ್ನೂ ಒಪ್ಪಿಸುತ್ತಿದ್ದರು. ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು’ ಎಂಬಲ್ಲಿಯ ಲಕಾರವು ಸಪ್ತಮಿಯ ‘ಅಲ್ಲಿ’ ಪ್ರತ್ಯಯದ ಸಂಕ್ಷೇಪವೆಂದು ತೋರುತ್ತದೆ. ತಾಳಕ್ಕೆ ಹೊಂದುವಂತೆ ನುಡಿಯೇ ಇಲ್ಲಿ ಕುಗ್ಗಿದೆ. ಕಿರಿಯನಿಗೆ ಹೇಳಿಕೊಡುವುದರಿಂದ ಹಿರಿಯನ ವಿದ್ಯೆಯೂ ದೃಢವಾಗುವುದೆಂದು ಕ್ಯಾಂಬೆಲ್ ಈ ಪದ್ಧತಿಯನ್ನು ಮೆಚ್ಚಿ, ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ಯುಕ್ತವೇ ಎಂದಿರುವನು. ಮದರಾಸಿನ ಅನಾಥಾಲಯದಲ್ಲಿ ಇದನ್ನು ಪ್ರಯೋಗಿಸಿದ ಆಂಡ್ರೂ ಬೆಲ್ಲನು 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಿದ್ದನು.

ಸಾಲಿನಲ್ಲಿ ನಿಂತು ಹೇಳುವವನು ನೆರೆಯವನ ದನಿಯನ್ನು ಹಿಡಿದು ಸಾಗಬಹುದಷ್ಟೆ ಎಂಬ ಆಕ್ಷೇಪಕ್ಕೆ ಸಮಾಧಾನವು ವೇದಪಾಠದ ಸಾದೃಶ್ಯದಿಂದ ದೊರೆಯುತ್ತದೆ. ಸಂಹಿತೆಯನ್ನು ಬಲ್ಲವನಿಗೆ ಪದ, ಕ್ರಮ, ಜಟೆ, ಘನಗಳನ್ನು ವಿಧಿಸಿರುವುದು ಪದಗಳು ಆನುಪೂರ್ವಿಯ ಹಂಗಿಲ್ಲದೆ ನಿಲ್ಲಲೆಂದೇ. ಮಗ್ಗಿಯನ್ನೂ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ನಡುನಡುವೆ ಬಿಡಿಬಿಡಿಯಾಗಿ ಕೇಳಿದಾಗಲೇ ಅದು ಬಂದಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ. ಹತ್ತರವರೆಗಿನ ಮಗ್ಗಿಗಳಲ್ಲಿ ನೂರು ವಾಕ್ಯಗಳಿದ್ದರೂ, ಏಳೆಂಟೂ ಎಂಟೇಳೂ ಒಂದೇ ಎಂಬುದನ್ನು ಅರಿತವನಿಗೆ ಉಳಿಯುವುವು ಐವತ್ತೈದು. ಒಂದರ ಮತ್ತು ಹತ್ತರ ಮಗ್ಗಿಗಳನ್ನು ಕಳೆದರೆ ಮೂವತ್ತಾರೇ. ಈ ಅರಿವನ್ನು ಕೊಡುವ ಗುರುವು ಮಗುವಿನ ಭಾರವನ್ನು ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಸುವನು.

ಕೂಲಿಮಠದ ದೋಷಗಳನ್ನು ಮರೆಮಾಚಲಾಗದು. ಬೆಳಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ನಾಮವನ್ನೂ ಎರಡನೆಯವನ ಅಂಗೈಯಲ್ಲಿ ಸೊನ್ನೆಯನ್ನೂ ಬರೆದು, ಮೂರನೆಯವನಿಗೆ ಒಂದೇಟು, ನಾಲ್ಕನೆಯವನಿಗೆ ಎರಡೇಟು ಎಂದು ಏರಿಸುತ್ತ ಹೋಗುತ್ತಿದ್ದರು. ಕೈಗಳನ್ನು ಕಟ್ಟಿ ಮಾಡಿಗೆ ತೂಗುಹಾಕುವ ಕೋದಂಡವೂ ಇತ್ತು. ಭಯದಿಂದ ಕಲಿತ ಮಗ್ಗಿಯು ಭಯದಿಂದಲೇ ಮರೆತೂ ಹೋಗುವುದು. ಪುರಾತನ ಕಾವ್ಯಗಳ ಪದ್ಯಗಳನ್ನು ಬಾಲಕರು ಅರ್ಥವರಿಯದೆ ಗಿಳಿಗಳಂತೆ ಒಪ್ಪಿಸುತ್ತಿದ್ದರೆಂದೂ ಅದೇ ವರದಿಯು ಹೇಳುತ್ತದೆ. ಆ 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ಆದರೆ ಗಿಳಿಪಾಠದ ದೂರು ಪದ್ಯಗಳಿಗೆ ತಗಲುವಷ್ಟು ಮಗ್ಗಿಗೆ ತಗಲದು. ಬೆಳಗ್ಗೆ ಒಪ್ಪಿಸಿದ ಮಗ್ಗಿಯು ಸಂಜೆಯ ಅಂಗಡಿಯಲ್ಲಿ ಅರ್ಥವನ್ನು ಪಡೆಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪರಿಸ್ಥಿತಿಯು ಬದಲಾಯಿತು. 1854ರ ವುಡ್ಡನ ಆಜ್ಞಾಪತ್ರವಾದ ಮೇಲೆ ಸರ್ಕಾರದ ವಿದ್ಯಾ ಇಲಾಖೆಗಳು ಏರ್ಪಟ್ಟುವು. ಮೈಸೂರಿನಲ್ಲಿ 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಹುಟ್ಟಿದುವು. ವಿದ್ಯೆಯು ಹಬ್ಬಿತು, ಕೋದಂಡವು ಹಿಂದೆಗೆಯಿತು. ಇದು ಲಾಭವೇ ಸರಿ. ಆದರೆ ಇಂಗ್ಲೆಂಡಿನಲ್ಲಿ 1862ರಿಂದ ನಡೆದ ಪದ್ಧತಿಯ ಜಾಡಿನಲ್ಲಿ, ಮದರಾಸು ಪ್ರಾಂತದಲ್ಲಿಯೂ ಪರೀಕ್ಷೆಯ ಫಲವನ್ನು ನೋಡಿ ಶಾಲೆಗೆ ಧನಸಹಾಯ ಕೊಡುವ ಕ್ರಮವು ಬಂದಿತು. ಮಠದಲ್ಲಿ ಕೇಳುವವನೂ ತಿದ್ದುವವನೂ ಒಬ್ಬನೇ. ಬೆಳಗ್ಗೆ ತಪ್ಪಿದುದಕ್ಕೆ ಸಂಜೆ ಇನ್ನೊಂದು ಅವಕಾಶ. ಹೊಸ ಕ್ರಮದಲ್ಲಿ ಕೇಳುವವನು ತಪಾಸಣೆಗೆ ಬಂದು ಅಂಕವನ್ನು ಬರೆದುಕೊಂಡು ಹೋಗುವ ಅಧಿಕಾರಿ. ತಪ್ಪಿದ ಮಗುವು ಉಪಾಧ್ಯಾಯನಿಗೆ ನಷ್ಟದ ಬಾಬು. ತಪ್ಪನ್ನು ಬಚ್ಚಿಡುವುದು ಲಾಭಕರವಾದಲ್ಲಿ ತಿದ್ದುವ ಪ್ರಸಂಗವೇ ಕಡಿಮೆಯಾಗುವುದು.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಗಳು ಬಳಕೆಗೆ ಬಂದುವು. ಮುಂದಿನ ವರ್ಷಗಳಲ್ಲಿ ಮೆಟ್ರಿಕ್ ತೂಕ ಅಳತೆಗಳೂ ಬಂದುವು. ವೀಸ ಕಾಣಿಗಳಿಗೆ ವ್ಯವಹಾರದಲ್ಲಿ ಆಶ್ರಯವು ತಪ್ಪಿದುದರಿಂದ ಅವುಗಳ ಮಗ್ಗಿಗಳು ಮಕ್ಕಳ ಬಾಯಿಂದ ಮರೆಯಾದುವು. ಇದು ಕಾಲಧರ್ಮವು; ಇದಕ್ಕಾಗಿ ಶೋಕಿಸಬೇಕಾದುದಿಲ್ಲ. ಪೂರ್ಣಾಂಕಗಳ ಮಗ್ಗಿಯಾದರೋ ಇಂದಿಗೂ ಪ್ರಾಥಮಿಕ ಶಾಲೆಯಲ್ಲಿ ಉಳಿದಿದೆ. ಅದರ ಇತಿಹಾಸದಿಂದ ಸಿದ್ಧವಾಗುವುದಿಷ್ಟು: ದಿನದಿನವೂ ಕೇಳುವುದು, ಅನುಕ್ರಮವನ್ನು ಮುರಿದು ಕೇಳುವುದು, ಮರೆತವನಿಗೆ ಸಂಖ್ಯೆಯನ್ನು ಒಡೆದು ತೋರಿಸುವುದು, ಬಲ್ಲ ಬಾಲಕನಿಂದ ಬಾರದವನಿಗೆ ಹೇಳಿಸುವುದು. ಬೆತ್ತವನ್ನು ತೊರೆದು ಈ ನಾಲ್ಕನ್ನು ಉಳಿಸಿಕೊಂಡ ಪಾಠಶಾಲೆಯು ಕೂಲಿಮಠದ ಗುಣವನ್ನೂ ಲೀಲಾವತಿಯ ಯುಕ್ತಿಯನ್ನೂ ಒಟ್ಟಿಗೆ ಪಡೆದಂತಾಗುವುದು.