ವಿ-ತೈವಾನ್

ತೈವಾನಿನಲ್ಲಿ ಸರ್ಕಾರ ಮತ್ತು ಸಾರ್ವಜನಿಕರು ಸೇರಿ ಕಾನೂನಿನ ತೊಡಕುಗಳನ್ನು ಚರ್ಚಿಸಲು 2014ರ ಕೊನೆಯಲ್ಲಿ ರೂಪುಗೊಂಡ ಆನ್‌ಲೈನ್ ಸಮಾಲೋಚನಾ ಕ್ರಮ. ಅದೇ ವರ್ಷದ ಮಾರ್ಚ್‌ನಲ್ಲಿ ಚೀನಾದೊಂದಿಗಿನ ಸೇವಾ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ ವಿದ್ಯಾರ್ಥಿಗಳು ಸಂಸತ್ ಭವನದೊಳಗೆ ಮೂರು ವಾರಕ್ಕೂ ಹೆಚ್ಚು ಕಾಲ ಬೀಡುಬಿಟ್ಟಿದ್ದರು. ಆ ಸೂರ್ಯಕಾಂತಿ ಚಳವಳಿಯ ಬಳಿಕ ಸಚಿವೆ ಜಾಕ್ಲಿನ್ ತ್ಸಾಯ್ ಅವರು ‘ಗವ್‌ಝೀರೋ’ ಸಮುದಾಯದ ಪ್ರೋಗ್ರಾಮರ್‌ಗಳ ನೆರವು ಕೋರಿದರು. 2012ರಲ್ಲಿ ಹುಟ್ಟಿದ ಈ ಸಮುದಾಯದವರು ಸರ್ಕಾರಿ ಜಾಲತಾಣದ ವಿಳಾಸದ ಒಂದು ಅಕ್ಷರದ ಜಾಗಕ್ಕೆ ಸೊನ್ನೆ ಹಾಕಿ, ಅದೇ ಮಾಹಿತಿಯನ್ನು ಜನರಿಗೆ ಅರ್ಥವಾಗುವಂತೆ ಬೇರೆಡೆ ಕಟ್ಟಿ ತೋರಿಸುತ್ತಿದ್ದರು. ತುಂಟತನವೂ ಹೌದು, ಟೀಕೆಯೂ ಹೌದು.

ಚರ್ಚೆಗೆ ಬಳಸಿದ ಮುಖ್ಯ ಸಾಧನ ‘ಪೋಲಿಸ್’ ಎಂಬ ಮುಕ್ತ ತಂತ್ರಾಂಶ (ಇದಕ್ಕೂ ಆರಕ್ಷಕರಿಗೂ ಸಂಬಂಧವಿಲ್ಲ). ಇದರಲ್ಲಿ ಯಾರ ಮಾತಿಗೂ ಉತ್ತರ ಕೊಡಲು ಬರುವುದಿಲ್ಲ. ಒಪ್ಪಿಗೆ, ಅಸಮ್ಮತಿ, ತಟಸ್ಥ, ಇಷ್ಟೇ ಆಯ್ಕೆ. ಬೇಕಿದ್ದರೆ ತನ್ನದೇ ಹೇಳಿಕೆ ಸೇರಿಸಬಹುದು. ಹೀಗಾಗಿ ಜಗಳಕ್ಕೆ ಎಡೆಯಿಲ್ಲ. ಒಂದೇ ರೀತಿ ಮತ ಹಾಕಿದವರನ್ನು ತಂತ್ರಾಂಶ ಗುಂಪುಗಳಾಗಿ ಚಿತ್ರಿಸಿ, ಎಲ್ಲ ಗುಂಪುಗಳೂ ಒಪ್ಪುವ ಹೇಳಿಕೆಗಳನ್ನು ಮುಂದಕ್ಕೆ ತರುತ್ತದೆ. ಆ್ಯಪ್ ಆಧಾರಿತ ಟ್ಯಾಕ್ಸಿ ಸೇವೆ ಊಬರ್ ಕುರಿತ 2015ರ ವಿವಾದದಲ್ಲಿ ವಿಮೆ, ತೆರಿಗೆ, ಚಾಲಕರ ಪರವಾನಗಿ ಕುರಿತು ಇಂಥ ಸಹಮತ ಮೂಡಿ, ಮುಂದಿನ ವರ್ಷದ ಟ್ಯಾಕ್ಸಿ ನಿಯಮಗಳಿಗೆ ದಾರಿಯಾಯಿತು.

ವಿ-ತೈವಾನ್‌ನ ನಿಜವಾದ ದೌರ್ಬಲ್ಯವೆಂದರೆ ಫಲಿತಾಂಶವನ್ನು ಪಾಲಿಸಲೇಬೇಕೆಂಬ ಕಾನೂನುಬದ್ಧ ಕಟ್ಟುಪಾಡು ಸರ್ಕಾರಕ್ಕಿಲ್ಲದಿರುವುದು. ಗವ್‌ಝೀರೋ ಸಮುದಾಯದಲ್ಲಿ ಸಕ್ರಿಯರಾಗಿದ್ದ ಆಡ್ರಿ ಟ್ಯಾಂಗ್ 2016ರಲ್ಲಿ ಸಚಿವರಾದರು. ವಿ-ತೈವಾನ್ ಅಲ್ಲದೆ, 5,000 ಸಹಿ ಬಿದ್ದ ಮನವಿಗೆ ಇಲಾಖೆ ಉತ್ತರಿಸಲೇಬೇಕಾದ ‘ಜಾಯಿನ್’ ಎಂಬ ಸರ್ಕಾರಿ ವೇದಿಕೆಯೂ ತೈವಾನಿನಲ್ಲಿದೆ.